ಮೆಲ್ಲಗೆ ಮಾತಾಡುವ ಮನೆ

ತಮ್ಮನನ್ನು ಕರೆತರಲು ಹೊರಡುವ ಬೆಳಿಗ್ಗೆ ಹಾಸಿಗೆ ಅಂಗಡಿಯ ಅಕ್ಕ ಮನೆಯನ್ನು ಮತ್ತೊಮ್ಮೆ ಜಾಲಾಡಿದಳು. ಅಡುಗೆಮನೆಯ ಗೂಡು, ಹಳೆಯ ಕೋಟಿನ ಜೇಬು, ಹೊಲಿಗೆ ಯಂತ್ರದ ಡ್ರಾಯರು, ಮಂಚದ ಅಡಿ, ಎಲ್ಲೂ ಒಂದು ಕಡ್ಡಿಪೆಟ್ಟಿಗೆ ಉಳಿದಿರಬಾರದು. ಗ್ಯಾಸ್ ಒಲೆಯನ್ನು ಹಿಂದಿನ ವಾರವೇ ಯಾರಿಗೋ ದಾಟಿಸಿ ಕರೆಂಟಿನ ಒಲೆ ತಂದಿದ್ದಳು. ಮೇಣದಬತ್ತಿಯ ಜಾಗಕ್ಕೆ ಟಾರ್ಚು ಬಂದಿತ್ತು. ಅಂಗಡಿಯಲ್ಲಿ ಹತ್ತಿ ಹಿಂಜುವ ಮುದುಕನಿಗೆ, ಇನ್ನು ಮೇಲೆ ಸಿಗರೇಟು ಸೇದುವುದಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗಬೇಕೆಂದು ಕಟ್ಟಪ್ಪಣೆಯಾಗಿತ್ತು.

"ಅಷ್ಟು ದೂರ ಹೋಗೋದ್ರೊಳಗೆ ಸೇದೋ ಆಸೇನೇ ಸತ್ತುಹೋಗುತ್ತೆ" ಎಂದು ಮುದುಕ ಗೊಣಗಿದ.

"ಸಾಯ್ಲಿ ಬಿಡು. ಆಸೆ ಸತ್ರೆ ನೀನು ನಾಲ್ಕು ದಿನ ಹೆಚ್ಚಿಗೆ ಬದುಕ್ತೀಯ" ಎಂದಳು ಅಕ್ಕ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ಗಾದೆ. ಅಕ್ಕ ಬಾವಿ ತೋಡುತ್ತಿದ್ದದ್ದು ಬೆಂಕಿ ಆರಿ ಎಷ್ಟೋ ವರ್ಷವಾದ ಮೇಲೆ. ಆದರೂ ತೋಡುವವರನ್ನು ಕಂಡು ನಗಬಾರದು. ಅವಳಿಗೆ ತಿಳಿದಿದ್ದ ಪ್ರೀತಿ ಅಷ್ಟೇ, ಅಪಾಯದ ವಸ್ತುಗಳನ್ನು ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡುವುದು. ಈ ಮಗುವಿಗೆ ಈಗ ನಲವತ್ತು ದಾಟಿತ್ತು ಅನ್ನುವುದು ಬೇರೆ ಮಾತು. ಹೆಸರು ಏನೇ ಇರಲಿ, ಬೀದಿಗೆಲ್ಲ ಅವನು ಪುಟ್ಟ.

ಆಸ್ಪತ್ರೆಯ ಡಾಕ್ಟರಮ್ಮ ಫೋನಿನಲ್ಲಿ ಎರಡು ಮಾತು ಹೇಳಿದ್ದರು. ಕೊನೆಯದೊಂದು ಪಾಠವಿದೆ, ಅದರಲ್ಲಿ ನೀವೂ ಕೂರಬೇಕು ಎಂಬುದು ಒಂದು. ಅದು ಮುಗಿದ ಮೇಲೆ ನಿಮ್ಮಿಬ್ಬರಿಗೂ ಸರಿಯೆನಿಸಿದರೆ ಅವತ್ತೇ ಅವರನ್ನು ಮನೆಗೆ ಕರೆದೊಯ್ಯಬಹುದು ಎಂಬುದು ಇನ್ನೊಂದು. ಅಕ್ಕನ ಕಿವಿಗೆ ಬಿದ್ದದ್ದು ಎರಡನೆಯದು ಮಾತ್ರ. ಅವಳು ಟ್ಯಾಕ್ಸಿ ಗೊತ್ತು ಮಾಡಿದಳು. ಪುಟ್ಟನ ಕೋಣೆಗೆ ಸುಣ್ಣ ಹೊಡೆಸಿದಳು. ಒಳ್ಳೆಯ ಹತ್ತಿ ಆರಿಸಿ ತನ್ನ ಕೈಯಾರೆ ಹಾಸಿಗೆ ತುಂಬಿ ಹೊಲಿದಳು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಒತ್ತರಿಸಿಕೊಂಡು ಕೂತಿದ್ದಳು, ಪಕ್ಕದಲ್ಲಿ ಅವನು ಈಗಾಗಲೇ ಕೂತಿದ್ದಾನೆ ಅನ್ನುವ ಹಾಗೆ.

ಪುಟ್ಟ ಬೆಂಕಿ ಹಚ್ಚಿದವನು. ಮಾರುಕಟ್ಟೆಯ ಹಿಂದಿನ ಕಸದ ರಾಶಿಗೆ ಒಮ್ಮೆ, ಮರದ ಅಡ್ಡೆಯ ಚಪ್ಪರಕ್ಕೆ ಇನ್ನೊಮ್ಮೆ, ಕಡೆಗೆ ತಮ್ಮದೇ ಅಂಗಡಿಯ ಹತ್ತಿ ಗೋದಾಮಿಗೆ. ಮೊದಲೆರಡು ಸಲ ನೀರು ಹೊತ್ತು ಓಡಿದವರಲ್ಲಿ ಅವನೇ ಮುಂದು. ಜನ ಬೆನ್ನು ತಟ್ಟಿದ್ದರು. ಮೂರನೆಯ ಸಲ ಗೋದಾಮಿನ ಕಾವಲುಗಾರ ಒಳಗೆ ನುಗ್ಗಿ ಮೊಣಕೈವರೆಗೆ ಸುಟ್ಟುಕೊಂಡ. ಆಗ ಪುಟ್ಟ ನೀರು ತರಲಿಲ್ಲ. ಪೊಲೀಸರು ಬರುವ ತನಕ ರಸ್ತೆಯಂಚಿನಲ್ಲಿ ಕೂತಿದ್ದು, ಬಂದ ಮೇಲೆ ಎದ್ದು ನಿಂತು "ನಾನೇ" ಎಂದ.

ಬೀದಿಗೆ ಬೀದಿಯೇ ಬಾಯಿ ಬಿಟ್ಟಿತು. ಬಾಯಿಗೆ ಬೆರಳಿಟ್ಟರೆ ಕಚ್ಚಲೂ ಬಾರದವನು ಎಂದು ಅವನನ್ನು ಹೊಗಳಿದ್ದವರೇ, ಬೂದಿ ಮುಚ್ಚಿದ ಕೆಂಡ ಅಂತ ನಮಗೆ ಮೊದಲೇ ಗೊತ್ತಿತ್ತು ಅನ್ನತೊಡಗಿದರು. ಅಕ್ಕ ಮಾತ್ರ ಒಂದನ್ನೂ ಒಪ್ಪಲಿಲ್ಲ. ಯಾರದೋ ಸಹವಾಸ ಅಂದಳು, ತಲೆಗೆ ಪೆಟ್ಟು ಬಿದ್ದಿರಬೇಕು ಅಂದಳು, ದೃಷ್ಟಿ ಅಂದಳು. ನ್ಯಾಯಾಲಯ ಅವನನ್ನು ಜೈಲಿಗೆ ಕಳಿಸುವ ಬದಲು ಇಂಥವರಿಗಾಗಿಯೇ ಇದ್ದ ಆಸ್ಪತ್ರೆಗೆ ಕಳಿಸಿದಾಗ, "ನೋಡಿದ್ರಾ, ಅದು ಕಾಯಿಲೆ" ಎಂದು ಬೀದಿಯ ಮುಂದೆ ಎದೆ ಸೆಟೆಸಿದಳು. ಕಾಯಿಲೆಯಾದರೆ ಯಾರ ತಪ್ಪೂ ಅಲ್ಲವಲ್ಲ.

ಅವಳು ಅವನನ್ನು ಸಾಕಿದ ಬಗೆಯನ್ನು ಹೇಳದಿದ್ದರೆ ಕತೆ ಅರ್ಧವಾಗುತ್ತದೆ. ಅವರ ಅಪ್ಪ ಕೂಗುಮಾರಿ. ಊಟಕ್ಕೆ ಉಪ್ಪು ಕಮ್ಮಿಯಾದರೆ ಮೂರನೆಯ ಬೀದಿಗೆ ಕೇಳುತ್ತಿತ್ತು. ಅವನ ದನಿ ಏರಿದರೆ ಪಾತ್ರೆ ಹಾರುತ್ತಿತ್ತು, ಪಾತ್ರೆ ಮುಗಿದರೆ ಕೈ. ಅಮ್ಮ ಆ ಗದ್ದಲದಲ್ಲೇ ಸವೆದು ಹೋದಳು. ಅಪ್ಪನೂ ಒಂದು ದಿನ ಕೂಗುತ್ತಲೇ ಕುಸಿದ. ಆಗ ಪುಟ್ಟ ಇನ್ನೂ ಅಕ್ಕನ ಸೆರಗು ಹಿಡಿದು ಓಡಾಡುವ ವಯಸ್ಸು. ಹೆಣ ಎತ್ತಿದ ಸಂಜೆ ಅಕ್ಕ ಬಾಗಿಲು ಹಾಕಿ, ಇನ್ನು ಈ ಮನೆಯಲ್ಲಿ ಯಾರೂ ದನಿ ಎತ್ತಬಾರದು ಎಂದು ಕಾನೂನು ಮಾಡಿದಳು.

ಅವಳು ತಮ್ಮನ ಮೇಲೆ ಒಂದು ದಿನವೂ ಕೈ ಮಾಡಿದವಳಲ್ಲ. ಅವನು ಹಟ ಮಾಡಿ ಚೀರಿದರೆ ಅವಳು ಅಂಗೈ ಕೆಳಗೆ ಮಾಡಿ ಗಾಳಿಯನ್ನು ನಿಧಾನವಾಗಿ ಒತ್ತುತ್ತಿದ್ದಳು. ತುಂಬಿದ ಹಾಸಿಗೆಯಲ್ಲಿ ಹತ್ತಿ ಎಲ್ಲಿ ಉಬ್ಬಿದೆ ಎಂದು ನೋಡಿ ಒತ್ತಿ ಸಮ ಮಾಡುವುದು ಹೀಗೆಯೇ. "ಮೆಲ್ಲಗೆ" ಅನ್ನುತ್ತಿದ್ದಳು, ಅಷ್ಟೇ. ಆಮೇಲೆ ಅವನು ತಾನಾಗಿ ನಗುವ ತನಕ ಅವನೊಡನೆ ಮಾತು ಬಿಟ್ಟುಬಿಡುತ್ತಿದ್ದಳು. ಮಗು ಬಹಳ ಬೇಗ ನಗಲು ಕಲಿಯಿತು. ಬೆಳೆದ ಮೇಲಂತೂ ಕೈ ಎತ್ತುವ ಕೆಲಸವೇ ಇರಲಿಲ್ಲ. ಏನು ಹೇಳಿದರೂ "ಆಯ್ತಕ್ಕ" ಎನ್ನುವ ತಮ್ಮ ಯಾರಿಗುಂಟು? ಗಿರಾಕಿಗಳ ಮುಂದೆ ಅವಳು ಹತ್ತಿಗಿಂತ ಹೆಚ್ಚಾಗಿ ತಮ್ಮನ ಗುಣವನ್ನೇ ಹೊಗಳುತ್ತಿದ್ದಳು. ಹಾಸಿಗೆಗಳೂ ಚೆನ್ನಾಗಿ ಹೋಗುತ್ತಿದ್ದವು.

ಆಸ್ಪತ್ರೆಯ ಜಗುಲಿಯಲ್ಲಿ ಅವಳನ್ನು ಮೊದಲು ಮಾತಾಡಿಸಿದವನು ಅಲ್ಲೇ ಚಿಕಿತ್ಸೆಯಲ್ಲಿದ್ದ ಒಬ್ಬ ಡ್ರೈವರ್. ಮಾಲೀಕನ ಮೇಲಿನ ಸಿಟ್ಟಿಗೆ ಲಾರಿ ಸುಟ್ಟು ಬಂದವನಂತೆ. ಬಾಯಿ ಬಡಾಯಿಯವನು.

"ನಿಮ್ಮ ತಮ್ಮ ಭಾಳ ಕಷ್ಟದ ಗಿರಾಕಿ ಕಣಮ್ಮ. ಇಲ್ಲಿ ನಮಗೆ 'ಬೇಡ' ಅನ್ನೋದನ್ನ ಕಲಿಸ್ತಾರೆ. ಒಬ್ಬ ಟೀ ಕೊಡ್ತಾ ಹೋಗ್ಬೇಕು, ಇನ್ನೊಬ್ಬ ಬೇಡ ಅಂತಾ ಹೋಗ್ಬೇಕು. ನಿಮ್ಮ ತಮ್ಮ ಕೊಟ್ಟಿದ್ದನ್ನೆಲ್ಲ ಕುಡಿದ! ಹೊಟ್ಟೆ ಗುಡಾಣ ಆಯ್ತು, ಬಾಯಿಂದ ಬೇಡ ಅನ್ನೋದು ಮಾತ್ರ ಬರ್ಲಿಲ್ಲ."

"ಕೊಟ್ಟೋರ ಮನಸ್ಸು ನೋಯಿಸಬಾರ್ದು ಅಂತ ಅವನಿಗೆ" ಎಂದಳು ಅಕ್ಕ, ಹೆಮ್ಮೆಯಿಂದಲೇ.

ಡ್ರೈವರ್ ಅವಳ ಮುಖವನ್ನೇ ನೋಡಿದ. "ಇವತ್ತು ಕುರ್ಚಿ ಪಾಠ ಅಲ್ವಾ? ಬೇರೆಯವರು ಕುರ್ಚಿಗೋಸ್ಕರ ಬೆಂಕಿ ಹಚ್ತಾರೆ. ನಾವು ಬೆಂಕಿ ಹಚ್ಚಿ ಬಂದು ಕುರ್ಚಿ ಹೊರ್ತೀವಿ" ಎಂದು ತನ್ನ ಮಾತಿಗೆ ತಾನೇ ನಕ್ಕು ಒಳಗೆ ಹೋದ.

ಡಾಕ್ಟರಮ್ಮನ ಕೋಣೆ ದೊಡ್ಡದು, ಖಾಲಿ. ಕಿಟಕಿಯ ಕಡೆಗೆ ಮೂರು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಹಿಂದೊಂದು ಸಾಲಾಗಿಟ್ಟಿದ್ದರು. ಪುಟ್ಟ ಗೋಡೆಗೆ ಒರಗಿ ನಿಂತಿದ್ದ. ತೆಳ್ಳಗಾಗಿದ್ದ, ಕಿವಿಯ ಹತ್ತಿರ ಕೂದಲು ನರೆತಿತ್ತು. ಅಕ್ಕನನ್ನು ಕಂಡು ನಕ್ಕ. ಆ ನಗು ನೋಡಿ ಅವಳ ಹೊಟ್ಟೆ ತಣ್ಣಗಾಯಿತು.

"ಬೆಂಕಿ ಹಚ್ಚೋರಿಗೆಲ್ಲ ಉರಿ ನೋಡೋದು ಅಂದ್ರೆ ಖುಷಿ ಅಂತ ಜನ ತಿಳ್ಕೊಂಡಿದ್ದಾರೆ" ಎಂದು ಡಾಕ್ಟರಮ್ಮ ಅಕ್ಕನಿಗೆ ವಿವರಿಸಿದರು. "ಅಂಥವರೂ ಇದ್ದಾರೆ, ಆದ್ರೆ ತೀರ ಅಪರೂಪ. ನಾನು ಇಲ್ಲಿ ನೋಡೋರಲ್ಲಿ ಹೆಚ್ಚಿನವರು ಸಿಟ್ಟನ್ನ ಬಾಯಿಂದ ಹೇಳೋಕೆ ಆಗದೋರು. ಎದುರು ನಿಂತು ಜಗಳ ಆಡೋಕೆ ಬರಲ್ಲ. ಬೆಂಕಿಗೆ ಎದುರು ನಿಲ್ಲೋದು ಬೇಕಿಲ್ಲ ನೋಡಿ, ಹಚ್ಚಿ ಬಂದುಬಿಟ್ರೆ ಅದೇ ಎಲ್ಲಾ ಹೇಳುತ್ತೆ. ಅದಕ್ಕೇ ನಾವು ಬೆಂಕಿಯಿಂದ ಹಿಂದಕ್ಕೆ ನಡೀತೀವಿ. ಒಂದೊಂದು ಕುರ್ಚಿ ಅಂದ್ರೆ ಬೆಂಕಿಗೆ ಮುಂಚೆ ಆಗಿದ್ದ ಒಂದೊಂದು ಸಂಗತಿ. ಮಾತು ಯಾವ ಕುರ್ಚೀಲಿ ಸಿಕ್ಕಿಹಾಕ್ಕೊಳ್ತು ಅಂತ ಹುಡುಕಬೇಕು. ನೀವು ಏನೂ ಮಾಡಬೇಡಿ. ಕೂತ್ಕೊಂಡು ಕೇಳಿ. ಎಷ್ಟೇ ಕಷ್ಟ ಆದ್ರೂ ಕೇಳಿ."

"ಕೇಳೋದೇನು ಕಷ್ಟ? ನನ್ನ ತಮ್ಮ ತಾನೇ" ಎಂದಳು ಅಕ್ಕ.

ಪುಟ್ಟ ಮೊದಲನೆಯ ಕುರ್ಚಿಯಲ್ಲಿ ಕೂತ. ಅದು ಗೋದಾಮು. ಕಾವಲುಗಾರನ ಬಗ್ಗೆ ಹೇಳುವಾಗ ಅವನ ಕಣ್ಣು ತುಂಬಿತು. ಆಸ್ಪತ್ರೆಯವರ ಮೂಲಕ ಆ ಕಾವಲುಗಾರನನ್ನು ಒಮ್ಮೆ ಭೇಟಿಯಾಗಿದ್ದನಂತೆ. ಸುಟ್ಟ ಕೈಯ ಚರ್ಮ ಬಿಗಿದು ಬೆರಳು ಪೂರ್ತಿ ಚಾಚುವುದಿಲ್ಲವಂತೆ. "ಅದು ನಾನು ಮಾಡಿದ್ದು. ಸಿಟ್ಟಿತ್ತು ಅಂದ್ರೆ ಅವರ ಬೆರಳು ಸರಿಹೋಗಲ್ಲ" ಎಂದ. ಅಕ್ಕನಿಗೆ ಅದು ಯಾಕೆ ಬೇಕಿತ್ತು ಅನ್ನಿಸಿತು. ಹಳೆಯದನ್ನೆಲ್ಲ ಕೆದಕಿ ಮಗುವನ್ನು ಅಳಿಸುವುದು ಯಾವ ಸೀಮೆಯ ಚಿಕಿತ್ಸೆ?

ಎರಡನೆಯ ಕುರ್ಚಿ ಅದೇ ಸಂಜೆ ಅಂಗಡಿ ಮುಚ್ಚಿದ ಹೊತ್ತು. ಎದೆಯ ಮೇಲೆ ಯಾರೋ ಕೂತ ಹಾಗಿತ್ತು, ಕಿವಿಯೊಳಗೆ ಜುಯ್ ಅನ್ನುತ್ತಿತ್ತು, ಕೈ ತಣ್ಣಗಾಗಿತ್ತು ಎಂದ. ಸಿಟ್ಟು ಬಂದಿದೆ ಅಂತ ಆಗ ಗೊತ್ತಾಗಿರಲಿಲ್ಲ, ಹುಷಾರಿಲ್ಲ ಅಂದುಕೊಂಡಿದ್ದೆ ಎಂದ.

"ಇನ್ನೂ ಹಿಂದಕ್ಕೆ" ಎಂದರು ಡಾಕ್ಟರಮ್ಮ.

ಪುಟ್ಟ ಎದ್ದು ಮೂರನೆಯ ಕುರ್ಚಿಯ ಬೆನ್ನು ಹಿಡಿದು ನಿಂತ. ಕೂರಲಿಲ್ಲ. "ಇದರಲ್ಲಿ ಅಕ್ಕ ಕೂರ್ಬೇಕು" ಎಂದ.

ಅಕ್ಕ ಕೂತಳು. ಡಾಕ್ಟರಮ್ಮ ಅವನನ್ನು ಅವಳ ಎದುರಿಗೆ ಕರೆತಂದು ನಿಲ್ಲಿಸಿದರು. ಅವನು ನೆಲ ನೋಡುತ್ತಾ ಹೇಳತೊಡಗಿದ.

ಅವರ ಅಂಗಡಿಯಲ್ಲಿ ಹಿಂದೆ ಹಾಸಿಗೆ ಚೀಲ ಹೊಲಿಯಲು ಒಬ್ಬ ಹೆಂಗಸಿದ್ದಳು. ಚುರುಕು ಬಾಯಿ, ಜೋರು ನಗು. ನಗುವಾಗ ಹೊಲಿಗೆ ಯಂತ್ರ ನಿಲ್ಲಿಸಿ ನಗುವವಳು. ಪುಟ್ಟನಿಗೆ ಅವಳು ಬೇಕಾಗಿದ್ದಳು. ತಿಂಗಳುಗಟ್ಟಲೆ ಧೈರ್ಯ ಕೂಡಿಸಿಕೊಂಡು ಒಂದು ಮಧ್ಯಾಹ್ನ ಅಕ್ಕನಿಗೆ ಹೇಳಿದ್ದ. ಅಕ್ಕ ಬೈಯಲಿಲ್ಲ. ತಲೆ ಸವರಿ, "ಆ ಗದ್ದಲ ನಮ್ಮ ಮನೆಗೆ ಒಗ್ಗಲ್ಲ ಪುಟ್ಟ" ಎಂದಿದ್ದಳು. ಅವನು "ಆಯ್ತಕ್ಕ" ಎಂದಿದ್ದ. ವಾರದೊಳಗೆ ಅಕ್ಕ, ಕೆಲಸ ಕಮ್ಮಿಯಾಗಿದೆ ಎಂದು ಆ ಹೆಂಗಸನ್ನು ಒಳ್ಳೆಯ ಮಾತಿನಲ್ಲೇ ಕಳಿಸಿಬಿಟ್ಟಿದ್ದಳು. ಮಾರುಕಟ್ಟೆಯ ಕಸದ ರಾಶಿ ಉರಿದದ್ದು ಆ ಸಂಜೆ. ಅಕ್ಕನಿಗೆ ಇವೆರಡನ್ನೂ ಕೂಡಿಸಿ ನೋಡುವುದು ಈ ಕುರ್ಚಿಯಲ್ಲಿ ಕೂರುವ ತನಕ ಹೊಳೆದಿರಲಿಲ್ಲ.

"ಆಮೇಲೆ ಅವಳಿಗೆ ಮದುವೆ ಗೊತ್ತಾಯ್ತು" ಎಂದ ಪುಟ್ಟ. "ಅವರ ಮನೆಯವರು ಮದುವೆಗೆ ಅಂತ ಜೋಡಿ ಹಾಸಿಗೆ ಮಾಡಿಸೋಕೆ ನಮ್ಮ ಅಂಗಡಿಗೇ ಬಂದ್ರು. ಅಕ್ಕ ಒಪ್ಕೊಂಡ್ಳು. ನನ್ನ ಕರೆದು, ನೀನೇ ಹೊಲಿ ಪುಟ್ಟ, ನಿನ್ನ ಕೈ ಚೆಂದ ಅಂದ್ಳು."

ಅಕ್ಕನಿಗೆ ನೆನಪಾಯಿತು. ನಿಜ, ಹಾಗೇ ಅಂದಿದ್ದಳು. ಬೇಕೆಂದು ಅಂದದ್ದಲ್ಲ. ಅವನು ಆಯ್ತು ಎಂದ ದಿನವೇ ಅವಳ ಪಾಲಿಗೆ ಆ ವಿಷಯ ಮುಗಿದಿತ್ತು. ತಮ್ಮನ ಮನಸ್ಸಿನಲ್ಲೂ ಮುಗಿದಿದೆಯೋ ಎಂದು ಕೇಳುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ. ಅವನು ಆ ಹಾಸಿಗೆಯನ್ನು ತುಂಬಿ, ಒತ್ತಿ, ಉದ್ದ ಸೂಜಿಯಲ್ಲಿ ಮೂಲೆಯಿಂದ ಮೂಲೆಗೆ ಹೊಲಿದು ಗೋದಾಮಿನಲ್ಲಿಟ್ಟಿದ್ದ. ಅದು ಅಲ್ಲಿಂದ ಹೊರಗೆ ಹೋಗಲೇ ಇಲ್ಲ.

"ಅಕ್ಕ ಹೊಲಿ ಅಂದಾಗ ಬಾಯಿಗೆ ಬಂದಿದ್ದ ಮಾತು ಏನು?" ಡಾಕ್ಟರಮ್ಮ ಕೇಳಿದರು. "ಅವರು ಎದುರಿಗೇ ಇದ್ದಾರೆ. ಈಗ ಹೇಳಿ."

ಪುಟ್ಟ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ, "ನಾನ್ಯಾಕೆ ಹೊಲೀಬೇಕು" ಎಂದ. ದನಿ ಗಂಟಲಲ್ಲೇ ಇತ್ತು.

"ಇನ್ನೊಂದು ಸಲ."

"ನಾನ್ಯಾಕೆ ಹೊಲೀಬೇಕು?" ಈ ಸಲ ತಲೆ ಎತ್ತಿದ. "ಅಂಗಡೀಲಿ ಬೇರೆ ಯಾರೂ ಇರ್ಲಿಲ್ವಾ? ಅವಳು ಇನ್ನೊಬ್ಬನ ಜೊತೆ ಮಲಗೋ ಹಾಸಿಗೇನ ನಾನು ಹೊಲೀಬೇಕಿತ್ತಾ? ನಿಂಗೆ ಕಣ್ಣಿರ್ಲಿಲ್ವಾ ಅಕ್ಕ? ನಂಗೂ ಒಂದು ಮನಸ್ಸಿದೆ ಅಂತ ನಿಂಗೆ ಒಂದು ದಿನಾನೂ ಅನ್ನಿಸ್ಲಿಲ್ವಾ?"

ಅವನ ಕತ್ತಿನ ನರ ಉಬ್ಬಿತ್ತು. ಕಿಟಕಿಯ ಗಾಜು ಗಿರ್ರೆಂದಿತು. ಅದು ಅಪ್ಪನ ದನಿ. ಮಣ್ಣಿಗೆ ಹಾಕಿ ಬಂದು ಎಷ್ಟೋ ವರ್ಷವಾಗಿದ್ದ ಆ ದನಿ ತನ್ನ ಪುಟ್ಟನ ಬಾಯಿಂದ ಬಂದದ್ದು ಕೇಳಿ ಅಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು. ಪಾತ್ರೆ ಹಾರುತ್ತದೆ ಅನ್ನಿಸಿತು. ಅವಳ ಬಲಗೈ ತಾನಾಗಿ ಎದ್ದಿತು. ಅಂಗೈ ಕೆಳಗಾಯಿತು, ಗಾಳಿಯನ್ನು ನಿಧಾನವಾಗಿ ಒತ್ತಿತು.

"ಮೆಲ್ಲಗೆ, ಪುಟ್ಟ" ಎಂದಳು.

ನಲ್ಲಿ ತಿರುಗಿಸಿದ ಹಾಗೆ ಅವನ ಮಾತು ನಿಂತಿತು. ಕತ್ತಿನ ನರ ಇಳಿಯಿತು, ಭುಜ ಇಳಿಯಿತು. ಆಮೇಲೆ ಅವನು ನಕ್ಕ. ಬಾಗಿಲಲ್ಲಿ ಅವಳನ್ನು ಕಂಡಾಗ ನಕ್ಕದ್ದೂ ಇದೇ ನಗು, ಮಗುವಾಗಿದ್ದಾಗ ಅವಳಿಂದ ಮಾತಾಡಿಸಿಕೊಳ್ಳಲು ನಗುತ್ತಿದ್ದದ್ದೂ ಇದೇ ನಗು. ಅದು ಎಲ್ಲಿಂದ ಬರುತ್ತದೆ ಎಂದು ಅವಳು ಮೊದಲ ಸಲ ಕಣ್ಣಾರೆ ನೋಡಿದಳು. ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯದೆ ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು.

"ಇಲ್ಲ, ಇಲ್ಲ. ಹೇಳು, ನೀನು ಹೇಳು. ನಾನು ಸುಮ್ನಿರ್ತೀನಿ" ಎಂದಳು. ಹೊತ್ತು ಮೀರಿತ್ತು. ಪುಟ್ಟನ ಬಾಯಿಂದ ಇನ್ನೊಂದು ಮಾತು ಬರಲಿಲ್ಲ.

ಡಾಕ್ಟರಮ್ಮ ಯಾರನ್ನೂ ಬೈಯಲಿಲ್ಲ. ನೀರು ತರಿಸಿ ಕೊಟ್ಟರು. "ಇವತ್ತಿಗೆ ಇಷ್ಟು ಸಾಕು. ಕಷ್ಟದ ಕೆಲಸ ಇದು, ಇಬ್ಬರಿಗೂ. ಮುಂದಿನ ಸಲ ನೋಡೋಣ" ಎಂದರು.

"ಹಾಗಾದ್ರೆ ಇವತ್ತು ಕಳಿಸಲ್ವಾ?" ಅಕ್ಕ ಕುರ್ಚಿಯಿಂದ ಎದ್ದಳು. "ನಾನು ಟ್ಯಾಕ್ಸಿ ನಿಲ್ಲಿಸಿ ಬಂದಿದ್ದೀನಿ. ಅವನ ಕೋಣೆ ತಯಾರಾಗಿದೆ. ಒಂದು ಸಲ ಬಾಯ್ತಪ್ಪಿ ಬಂತು, ಇನ್ನೊಂದು ಸಲ ಅನ್ನಲ್ಲ. ಕಳಿಸಿಕೊಡಿ. ಮನೇಲಿ ಒಂದು ಬೆಂಕಿಕಡ್ಡಿ ಕೂಡ ಇಲ್ಲ, ಎಲ್ಲಾ ತೆಗೆಸಿಬಿಟ್ಟಿದ್ದೀನಿ."

ಡಾಕ್ಟರಮ್ಮ ಪುಟ್ಟನ ಕಡೆ ನೋಡಿದರು. "ನೀವೇ ಹೇಳಿ. ಅಕ್ಕನ ಜೊತೆ ಹೋಗ್ತೀರಾ?"

ಅವನು ಆಯ್ತು ಅನ್ನುತ್ತಾನೆ ಎಂದು ಅಕ್ಕನಿಗೆ ಗೊತ್ತಿತ್ತು. ಡಾಕ್ಟರಮ್ಮನಿಗೂ ಅದೇ ಹೆದರಿಕೆ ಇದ್ದಿರಬೇಕು, ಕೈಯಲ್ಲಿದ್ದ ಪೆನ್ನನ್ನು ಸುಮ್ಮನೆ ತಿರುಗಿಸುತ್ತಿದ್ದರು. ಪುಟ್ಟ ಖಾಲಿ ಕುರ್ಚಿಗಳನ್ನು ನೋಡಿದ, ಅಕ್ಕನನ್ನು ನೋಡಿದ. ಅವನ ತುಟಿ ನಗಲು ಹೋಗಿ ಅರ್ಧಕ್ಕೆ ನಿಂತಿತು.

"ಇಲ್ಲ" ಎಂದ. "ನಾನು ಬರಲ್ಲ ಅಕ್ಕ."

ಹೊರಗಿನ ಓಣಿಯಲ್ಲಿ ಡಾಕ್ಟರಮ್ಮ ಅಕ್ಕನ ಕೈ ಹಿಡಿದುಕೊಂಡು, ಇಷ್ಟು ವರ್ಷದಲ್ಲಿ ಅವರು ಯಾರಿಗೂ ಇಲ್ಲ ಅಂದವರಲ್ಲ, ಇವತ್ತು ಅಂದರು, ಇದು ಚಿಕಿತ್ಸೆಯಲ್ಲಿ ತುಂಬ ದೊಡ್ಡ ಹೆಜ್ಜೆ ಎಂದರು. ಆವರಣದಲ್ಲೇ ಗುಣಮುಖರಾದವರಿಗೆ ಒಂದು ಮನೆಯಿದೆ, ಅಲ್ಲಿದ್ದು ಹೊರಗೆ ಕೆಲಸಕ್ಕೆ ಹೋಗಿಬರಬಹುದು ಎಂದರು. ಎಲ್ಲ ಒಳ್ಳೆಯ ಸುದ್ದಿಯೇ. ಅಕ್ಕ ತಲೆಯಾಡಿಸುತ್ತಾ ಕೇಳಿದಳು.

"ಒಳ್ಳೇದು ಅಂತೀರಿ. ಆದ್ರೆ ಅದನ್ನ ಹೇಳೋಕೆ ಅವನಿಗೆ ನಾನೇ ಸಿಗಬೇಕಿತ್ತಾ?" ಎಂದಳು.

"ನಿಮಗೆ ಹೇಳೋದೇ ಅವರಿಗೆ ಎಲ್ಲಕ್ಕಿಂತ ಕಷ್ಟ ಇತ್ತು" ಎಂದರು ಡಾಕ್ಟರಮ್ಮ.

ಗೇಟಿನವರೆಗೆ ಪುಟ್ಟ ಕಳಿಸಲು ಬಂದ. ಗೇಟಿನ ಹತ್ತಿರ ಅಕ್ಕನಿಗೆ ತಡೆಯಲಾಗಲಿಲ್ಲ. "ನನ್ನ ಮೇಲೆ ಅಷ್ಟೊಂದು ಸಿಟ್ಟೇನೋ? ಸಿಟ್ಟಿದ್ರೆ ಬೈಯಿ. ಹೊಡಿ ಬೇಕಾದ್ರೆ. ಮನೆಗೆ ಬಂದು ದಿನಾ ಬೈಯಿ, ನಾನು ಕೇಳಿಸ್ಕೋತೀನಿ. ಮಹಾ ಏನು ಅಪಾಯ ಇದೆ ಈಗ ಅಲ್ಲಿ? ಒಂದು ಕಡ್ಡಿ ಇಲ್ಲ ಅಂದೆನಲ್ಲ."

"ಕಡ್ಡಿ ಯಾವ ಅಂಗಡೀಲಾದ್ರೂ ಸಿಗುತ್ತೆ ಅಕ್ಕ" ಎಂದ ಪುಟ್ಟ. ಅವಳ ಭುಜದ ಮೇಲೆ ಅಂಟಿದ್ದ ಒಂದೆಳೆ ಹತ್ತಿಯನ್ನು ಬೆರಳಿನಿಂದ ಬಿಡಿಸಿ ತೆಗೆದ. "ಸಿಟ್ಟು ಇದೆ. ಆದ್ರೆ ನಾನು ಬರದಿರೋದು ಅದಕ್ಕಲ್ಲ. ಅಲ್ಲಿಗೆ ಬಂದ್ರೆ ನಾನು ಮತ್ತೆ ಒಳ್ಳೆಯವನಾಗಿಬಿಡ್ತೀನಿ. ನೀನು ಹೇಳಿದ್ದಕ್ಕೆಲ್ಲ ಹೂಂ ಅಂತ, ನಗ್ತಾ. ಅದಕ್ಕೇ ಭಯ ನಂಗೆ. ನೀನೇ ಬರ್ತಿರು, ನಾನು ಬರಲ್ಲ."

ಅವಳು ಟ್ಯಾಕ್ಸಿ ಹತ್ತಿದಳು. ಚಾಲಕ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿ, "ಇನ್ನೊಬ್ಬರು ಬರೋರಿದ್ದಾರೆ ಅಂದಿದ್ರಲ್ಲಮ್ಮ?" ಎಂದು ಕೇಳಿದ.

"ಬರಲ್ಲ ಅಂದ."

"ಯಾಕಂತೆ?"

ಬೇರೆ ದಿನವಾಗಿದ್ದರೆ ಅಪರಿಚಿತನಿಗೆ ಮನೆಯ ಮಾತೇಕೆ ಎಂದು ಸುಮ್ಮನಾಗುತ್ತಿದ್ದಳು, ಇಲ್ಲವೇ ಡಾಕ್ಟರು ಬಿಡಲಿಲ್ಲ ಎಂದು ತೇಲಿಸಿಬಿಡುತ್ತಿದ್ದಳು. "ನನ್ನ ಹತ್ರ ಇದ್ರೆ ಅವನಿಗೆ ಕೆಟ್ಟದಾಗುತ್ತಂತೆ" ಎಂದಳು. ಸ್ವಲ್ಪ ತಡೆದು, "ನಿಜವೇ ಅದು, ನಾನೂ ನೋಡ್ದೆ" ಎಂದಳು. ಚಾಲಕ ಗಾಡಿ ಹೊರಡಿಸಿದ.